ಹಳೆ ಸ್ಲೈಡ್‌ಗಳು: ಊದಬೇಕಾ, ಒರೆಸಬೇಕಾ, ಸುಮ್ನೆ ಬಿಡಬೇಕಾ?

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತಲ್ಲ, ಆ ವಾರವೇ ನಾನು ಅಟ್ಟದ ಮೇಲಿದ್ದ ಟ್ರಂಕು ಇಳಿಸಿದ್ದು. ನಮ್ಮ ದೊಡ್ಡಪ್ಪ ಡ್ಯಾಮಿನ ಕೆಲಸದಲ್ಲಿದ್ದರು. ಅಲ್ಲಿನ 33 ಗೇಟುಗಳನ್ನು ಬೇರೆ ಬೇರೆ ಕಡೆಯಿಂದ, ಬೇರೆ ಬೇರೆ ಕಾಲದಲ್ಲಿ ಸ್ಲೈಡ್ ಫಿಲ್ಮಿನಲ್ಲಿ, ಅಂದರೆ ಬೆಳಕು ಹಾಯಿಸಿ ಪರದೆಯ ಮೇಲೆ ನೋಡುವ ಫೋಟೋ ಫಿಲ್ಮಿನಲ್ಲಿ, ತೆಗೆದಿಟ್ಟಿದ್ದರು. ಗೇಟಿನ ಜೊತೆ ಹಂಪಿಯ ತೇರು, ಆನೆಗೊಂದಿಯ ಹರಗೋಲು, ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿರುವ ಅಜ್ಜಿ. ಒಟ್ಟು 600ಕ್ಕೂ ಜಾಸ್ತಿ. ಎಲ್ಲದರ ಮೇಲೂ ಬಳ್ಳಾರಿಯ ಕೆಂಪು ಧೂಳು.

ಆವತ್ತು ನಾನು ಮಾಡಿದ ತಪ್ಪನ್ನು ನೀವು ಮಾಡಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ. ಕೈಗೆ ಸಿಕ್ಕ ಮೊದಲ ಸ್ಲೈಡನ್ನು ಹಳೆ ಪಂಚೆಯ ತುಂಡಿನಿಂದ ಒರೆಸಿದೆ. ಮೆತ್ತಗಿನ ಬಟ್ಟೆ, ಏನಾಗುತ್ತೆ ಅಂದುಕೊಂಡೆ. ಅಜ್ಜಿಯ ಕೆನ್ನೆಯ ಮೇಲೆ ನಾಲ್ಕು ಗೀರು ಬಿತ್ತು. ಆ ಗೀರು ಇನ್ನು ಹೋಗುವುದಿಲ್ಲ.

ಸ್ಲೈಡಿಗೆ ನೆಗೆಟಿವ್ ಇರುವುದಿಲ್ಲ. ಕ್ಯಾಮೆರಾದೊಳಗೆ ಬೆಳಕು ಕಂಡ ಫಿಲ್ಮೇ ತೊಳೆದು ಬಂದು ಚಿತ್ರವಾಗಿ ಕೂತಿರುತ್ತದೆ. ಚಿತ್ರದ ಅಳತೆ 24 ಮಿಲಿಮೀಟರಿಗೆ 36 ಮಿಲಿಮೀಟರ್, ಸುತ್ತ 50 ಮಿಲಿಮೀಟರಿನ ಚೌಕದ ರಟ್ಟು ಅಥವಾ ಪ್ಲಾಸ್ಟಿಕ್ ಚೌಕಟ್ಟು. ಬಣ್ಣಗಳೆಲ್ಲ ಇರುವುದು ಜಿಲೆಟಿನ್ನಿನ ತೆಳು ಪದರದಲ್ಲಿ. ಅದನ್ನು ಎಮಲ್ಷನ್ ಅನ್ನುತ್ತಾರೆ. ಅದರ ದಪ್ಪ ನಮ್ಮ ತಲೆಗೂದಲಿನಷ್ಟೂ ಇಲ್ಲ. ಹಾಗಾಗಿ ಕೊಳೆ ತೆಗೆಯುವ ದಾರಿ ಆರಿಸುವ ಮೊದಲು, ಅದು ಎಂಥ ಕೊಳೆ ಅಂತ ನೋಡಲೇಬೇಕು.

ಮೊದಲು ನೋಡಿ, ಆಮೇಲೆ ಕೈ ಹಾಕಿ

ಮೊಬೈಲಿನಲ್ಲೋ ಟ್ಯಾಬಿನಲ್ಲೋ ಖಾಲಿ ಬಿಳಿ ಪರದೆ ತೆರೆದು, ಸ್ಲೈಡನ್ನು ಅದರ ಮುಂದೆ ಹಿಡಿಯಿರಿ. ಕಪ್ಪು ಚುಕ್ಕೆ, ಕಪ್ಪು ಎಳೆ ಕಂಡರೆ ಹೆಚ್ಚಾಗಿ ಅದು ಧೂಳು. ಸ್ಲೈಡಿನಲ್ಲಿ ಧೂಳು ಬೆಳಕನ್ನು ತಡೆಯುವುದರಿಂದ ಕಪ್ಪಾಗಿ ಕಾಣುತ್ತದೆ. ನೆಗೆಟಿವ್‌ನಿಂದ ಹಾಕಿಸಿದ ಪ್ರಿಂಟಿನಲ್ಲಾದರೆ ಅದೇ ಧೂಳು ಬಿಳಿ ಚುಕ್ಕೆಯಾಗಿ ಬರುತ್ತದೆ. ಆಮೇಲೆ ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಡಿ. ಬೆರಳಚ್ಚು ಇದ್ದರೆ ಗೆರೆಗೆರೆಯಾಗಿ ಮಿನುಗುತ್ತದೆ. ಜೇಡರ ಬಲೆಯಂತೆ, ಬೇರು ಬಿಟ್ಟಂತೆ ಕವಲೊಡೆದ ಸಣ್ಣ ಎಳೆಗಳು ಕಂಡರೆ ಅದು ಬೂಷ್ಟು. ಅಲ್ಲಿಗೆ ಕೈ ನಿಲ್ಲಿಸಿ. ಅದರ ದಾರಿಯೇ ಬೇರೆ, ಮುಂದೆ ಹೇಳುತ್ತೇನೆ.

ಎಮಲ್ಷನ್ ಯಾವ ಕಡೆ ಇದೆ ಅಂತಲೂ ಗುರುತಿಸಿಕೊಳ್ಳಿ. ಹೊಳಪು ಜಾಸ್ತಿ ಇರುವ ಕಡೆ ಬರೀ ಪ್ಲಾಸ್ಟಿಕ್, ಅದು ಕೊಂಚ ಗಟ್ಟಿ. ಹೊಳಪು ಕಡಿಮೆ ಇರುವ ಕಡೆ ಎಮಲ್ಷನ್, ಅದು ನಾಜೂಕು. ಗೊತ್ತಾಗದಿದ್ದರೆ ಬಸ್ಸಿನ ಬೋರ್ಡೋ ಅಂಗಡಿ ಹೆಸರೋ ಇರುವ ಸ್ಲೈಡ್ ಹುಡುಕಿ. ಅಕ್ಷರ ಸರಿಯಾಗಿ ಓದಲು ಬಂದರೆ ನಿಮ್ಮ ಮುಖದ ಕಡೆ ಇರುವುದು ಪ್ಲಾಸ್ಟಿಕ್ ಮೈ. ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿದ್ದರೆ ನಿಮ್ಮ ಮುಖದ ಕಡೆ ಎಮಲ್ಷನ್ ಇದೆ. ದೊಡ್ಡಪ್ಪನ ರಾಶಿಯಲ್ಲಿ ನನಗೆ ಸಿಕ್ಕಿದ್ದು ಹೊಸಪೇಟೆ ಬಸ್ ಸ್ಟ್ಯಾಂಡಿನ ಒಂದು ಚಿತ್ರ. ಅದನ್ನೇ ಮಾದರಿಯಾಗಿ ಪಕ್ಕದಲ್ಲಿ ಇಟ್ಟುಕೊಂಡೆ.

ಊರಿಗೊಂದು ಧೂಳು

ಬೇರೆ ಊರಿನವರು ಬರೆದ ಸಲಹೆಗಳಲ್ಲಿ ಧೂಳು ಅಂದರೆ ಒಂದೇ. ನಮ್ಮ ಕಡೆ ಹಾಗಲ್ಲ. ಬಳ್ಳಾರಿ, ಸಂಡೂರು, ಹೊಸಪೇಟೆ ಕಡೆಯ ಕೆಂಪು ಧೂಳಿನಲ್ಲಿ ಕಬ್ಬಿಣದ ಅದಿರಿನ ಪುಡಿ ಇರುತ್ತದೆ. ಅದು ಜಿಲೆಟಿನ್‌ಗಿಂತ ಎಷ್ಟೋ ಗಟ್ಟಿ. ಅದರ ಮೇಲೆ ಬಟ್ಟೆ ಆಡಿಸಿದರೆ ಉಪ್ಪುಕಾಗದದಿಂದ ಉಜ್ಜಿದ ಹಾಗೇ ಆಗುತ್ತದೆ. ಅಜ್ಜಿಯ ಕೆನ್ನೆಗೆ ಆಗಿದ್ದು ಅದೇ. ಗಂಗಾವತಿ ಕಡೆ ಅಕ್ಕಿ ಗಿರಣಿಗಳ ಹೊಟ್ಟು ಹಾರುತ್ತದೆ. ನೋಡಲು ಹಗುರ, ಆದರೆ ಭತ್ತದ ಹೊಟ್ಟಿನಲ್ಲಿ ಮರಳಿನಲ್ಲಿರುವ ಸಿಲಿಕಾವೇ ಬೇಕಾದಷ್ಟಿದೆ. ಅದೂ ಗೀರುತ್ತದೆ. ರಾಯಚೂರಿನಲ್ಲಿ ಹತ್ತಿ ಜಿನ್ನಿಂಗ್ ಶುರುವಾದರೆ ಎಲ್ಲೆಲ್ಲೂ ಹತ್ತಿಯ ಎಳೆ. ಅದು ಮೆತ್ತಗಿದ್ದರೂ ಒಣ ಹವೆಯಲ್ಲಿ ಫಿಲ್ಮಿಗೆ ಅಂಟಿಕೊಂಡು ಬಿಡುವುದೇ ಇಲ್ಲ. ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಇರುವ ಶಕ್ತಿನಗರದ ಸುತ್ತ ಇರುವವರಿಗೆ ಇದರ ಜೊತೆ ಹಾರುಬೂದಿ ಬೇರೆ. ಬಳ್ಳಾರಿಯಲ್ಲಿ ಮನೆಯಲ್ಲೇ ಜೀನ್ಸ್ ಹೊಲಿಯುವವರಿದ್ದರೆ ನೀಲಿ ನೂಲಿನ ಪುಡಿಯೂ ಸ್ಲೈಡಿನ ಮೇಲೆ ಸಿಗುತ್ತದೆ.

ಅದಿರು, ಹೊಟ್ಟು, ಬೂದಿ ಇರುವ ಕಡೆ ಗಾಳಿ ಊದುವುದು ಮೊದಲು. ಕಾಳೆಲ್ಲ ಹಾರಿಹೋಯಿತು ಅಂತ ಟಾರ್ಚಿನಲ್ಲಿ ಖಾತ್ರಿಯಾಗುವ ತನಕ ಬ್ರಷ್ಷೂ ಬೇಡ, ಬಟ್ಟೆಯೂ ಬೇಡ. ಹತ್ತಿಯ ಎಳೆ ಮಾತ್ರ ಗಾಳಿಗೆ ಜಗ್ಗುವುದಿಲ್ಲ. ಅದಕ್ಕೆ ಬ್ರಷ್ ಬೇಕು.

ಯಾವ ಗಾಳಿ?

ನಾಲ್ಕು ಥರ ಯೋಚಿಸಬಹುದು. ಬಾಯಲ್ಲಿ ಊದುವುದು ಸುಲಭ, ಆದರೆ ಉಸಿರಿನಲ್ಲಿ ತೇವ ಇದೆ, ಎಂಜಲಿನ ಸಣ್ಣ ಹನಿ ಇದೆ. ಒಂದು ಹನಿ ಬಿದ್ದರೂ ಕಲೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಜೋರಾಗಿ ಬರುತ್ತದೆ ಅಂತ ನಮ್ಮ ಓಣಿಯ ಹುಡುಗರೇ ಹೇಳಿದ್ದರು. ಬೇಡವೇ ಬೇಡ. ಆ ಗಾಳಿಯಲ್ಲಿ ಎಣ್ಣೆ, ನೀರು ಎರಡೂ ಬರುತ್ತವೆ. ಡಬ್ಬಿಯಲ್ಲಿ ತುಂಬಿ ಮಾರುವ ಗಾಳಿ ಪರವಾಗಿಲ್ಲ. ಆದರೆ ಡಬ್ಬಿ ಓರೆ ಮಾಡಿದರೆ, ಅಲ್ಲಾಡಿಸಿದರೆ ಒಳಗಿನ ದ್ರವ ಚಿಮ್ಮಿ ಫಿಲ್ಮಿನ ಮೇಲೆ ಕೂರುತ್ತದೆ. ನಮ್ಮ ಬೇಸಿಗೆಯಲ್ಲಿ ಅಂಥ ಡಬ್ಬಿಯನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಮರೆಯುವುದು ಅಪಾಯವೂ ಹೌದು.

ನಾನು ಆರಿಸಿದ್ದು ಕ್ಯಾಮೆರಾ ಅಂಗಡಿಯಲ್ಲಿ ಸಿಗುವ ರಬ್ಬರ್ ಬ್ಲೋವರ್. ಕೈಯಲ್ಲಿ ಅಮುಕಿ ಗಾಳಿ ಬಿಡುವಂಥದ್ದು. ದುಬಾರಿ ಸಾಮಾನಲ್ಲ, ವರ್ಷಗಟ್ಟಲೆ ಬಾಳುತ್ತದೆ, ಒಳಗೆ ಏನೂ ದ್ರವ ಇಲ್ಲ. ಸ್ಲೈಡನ್ನು ನಿಲ್ಲಿಸಿ ಹಿಡಿದು, ಮೇಲಿಂದ ಕೆಳಕ್ಕೆ ಓರೆಯಾಗಿ ಏಳೆಂಟು ಸಲ ಊದಿ. ಧೂಳು ಕೆಳಗೆ ಬೀಳಬೇಕು, ಮತ್ತೆ ಚಿತ್ರದ ಮೇಲೆ ಕೂರಬಾರದು. ದೊಡ್ಡಪ್ಪನ ಸ್ಲೈಡ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇಷ್ಟರಲ್ಲೇ ಸ್ವಚ್ಛವಾದವು. ಅವಕ್ಕೆ ಮುಂದೆ ಏನೂ ಮಾಡಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ.

ಕೂರುವ ಜಾಗವನ್ನೂ ನೋಡಿಕೊಳ್ಳಿ. ನೆಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಅರ್ಧ ಗಂಟೆ ಬಿಟ್ಟು ಶುರು ಮಾಡಿ. ಆಷಾಢದ ಗಾಳಿಯಲ್ಲಂತೂ ಈ ಕೆಲಸ ಎತ್ತಿಕೊಳ್ಳಲೇಬೇಡಿ. ದೀಪಾವಳಿ ಕಳೆದ ಮೇಲೆ ಶಿವರಾತ್ರಿಯ ತನಕ ಬೆಳಗಿನ ಹೊತ್ತು ನನಗೆ ಚೆನ್ನಾಗಿ ಹೊಂದಿತು.

ಬ್ರಷ್, ಬಟ್ಟೆ, ಹತ್ತಿ

ಊದಿದ ಮೇಲೂ ಎಳೆ ಉಳಿದರೆ ಮೆತ್ತನೆಯ ಕೂದಲಿನ ಬ್ರಷ್. ಚಿತ್ರ ಬಿಡಿಸುವವರು ನೀರುಬಣ್ಣಕ್ಕೆ ಬಳಸುವ ಅಳಿಲು ಕೂದಲಿನದ್ದು, ಇಲ್ಲವೇ ಮೇಕೆ ಕೂದಲಿನದ್ದು ಸಾಕು. ಹೊಸದೇ ಆಗಿರಬೇಕು, ಸ್ಲೈಡಿಗೆ ಅಂತಲೇ ಎತ್ತಿಡಬೇಕು, ಕೂದಲಿನ ತುದಿಗೆ ಬೆರಳು ತಾಗಿಸಬಾರದು. ಬೆರಳಿನ ಜಿಡ್ಡು ಬ್ರಷ್ಷಿಗೆ ಹತ್ತಿದರೆ ಅದು ಎಲ್ಲ ಸ್ಲೈಡಿಗೂ ಹೋಗುತ್ತದೆ. ಒಂದೇ ಕಡೆಗೆ ಹಗುರವಾಗಿ ಎಳೆಯಿರಿ. ಹಿಂದೆ ಮುಂದೆ ಆಡಿಸಿದರೆ ಒಣ ಹವೆಯಲ್ಲಿ ಫಿಲ್ಮಿನ ಮೇಲೆ ಸ್ಟ್ಯಾಟಿಕ್ ಕರೆಂಟು ಹುಟ್ಟಿ, ತೆಗೆದ ಧೂಳನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಇದನ್ನು ಕಣ್ಣಾರೆ ನೋಡಬಹುದು.

ಕನ್ನಡಕದ ಮೈಕ್ರೋಫೈಬರ್ ಬಟ್ಟೆ ಬಗ್ಗೆ ತುಂಬಾ ಜನ ಕೇಳುತ್ತಾರೆ. ಕೆಲವು ಸ್ಲೈಡ್‌ಗಳಲ್ಲಿ ಫಿಲ್ಮಿನ ಎರಡೂ ಕಡೆ ಗಾಜು ಕೂರಿಸಿರುತ್ತಾರೆ, ಅಂಥ ಗಾಜಿನ ಚೌಕಟ್ಟಿನ ಹೊರಮೈಗೆ ಅದೇ ಸರಿ. ಬರೀ ಫಿಲ್ಮಿಗೆ ನಾನು ಬಳಸುವುದಿಲ್ಲ. ಬಟ್ಟೆಯಲ್ಲಿ ಒಂದು ಅದಿರಿನ ಕಣ ಸಿಕ್ಕಿಕೊಂಡರೂ ಅದು ಮುಂದಿನ ಹತ್ತು ಸ್ಲೈಡನ್ನು ಗೀರುತ್ತದೆ. ಪಂಚೆ, ಕರವಸ್ತ್ರ, ಟಿಶ್ಯೂ ಪೇಪರ್ ಯಾವುದೂ ಬೇಡ.

ಗಾಜಿನ ಚೌಕಟ್ಟಿನ ಸ್ಲೈಡ್‌ಗಳನ್ನು ಬಿಚ್ಚುವ ಅವಸರವೂ ಬೇಡ. ಹೆಚ್ಚಿನ ಸಲ ಕೊಳೆ ಗಾಜಿನ ಹೊರಗೇ ಇರುತ್ತದೆ. ರಟ್ಟಿನ ಚೌಕಟ್ಟನ್ನು ಬಿಸಿಯಿಂದ ಅಂಟಿಸಿರುತ್ತಾರೆ, ಬಿಚ್ಚಿದರೆ ಹರಿಯುತ್ತದೆ, ರಟ್ಟಿನ ನಾರು ಫಿಲ್ಮಿಗೆ ಹತ್ತುತ್ತದೆ. ಚೌಕಟ್ಟಿನ ಮೇಲೆ ದೊಡ್ಡಪ್ಪ ಪೆನ್ಸಿಲಿನಲ್ಲಿ ಬರೆದ ತಾರೀಕು, ಊರು ಇದ್ದವು. ಚಿತ್ರದಷ್ಟೇ ಅವೂ ಮುಖ್ಯ ಅಲ್ವಾ?

ದ್ರವಗಳು: ಇಲ್ಲೇ ಜಾಸ್ತಿ ಜನ ಎಡವುವುದು

ಬೆರಳಚ್ಚು, ಜಿಡ್ಡು ಗಾಳಿಗೆ ಹೋಗುವುದಿಲ್ಲ. ದ್ರವ ಬೇಕು. ಮನೆಯಲ್ಲಿ ಸಿಗುವುದೆಲ್ಲ ಒಂದೊಂದಾಗಿ ನೋಡೋಣ.

ನೀರು. ಜಿಲೆಟಿನ್ ನೀರು ಹೀರಿ ಉಬ್ಬುತ್ತದೆ, ಮೆತ್ತಗಾಗುತ್ತದೆ. ಆಗ ಉಗುರು ತಾಗಿದರೂ ಕಿತ್ತು ಬರುತ್ತದೆ. ಮೇಲಾಗಿ ನಮ್ಮ ಬೋರಿನ ಸವಳು ನೀರು ಒಣಗಿದ ಮೇಲೆ ಬಿಳಿ ಉಪ್ಪಿನ ಕಲೆ ಬಿಡುತ್ತದೆ. ಪಾತ್ರೆಯ ಮೇಲೆ ನೋಡೇ ಇರುತ್ತೀರಿ. ಬೇಡ.

ಸ್ಯಾನಿಟೈಸರ್. ಕೊರೊನಾ ಕಾಲದ ಬಾಟಲಿಗಳು ಇನ್ನೂ ಎಲ್ಲರ ಮನೆಯಲ್ಲೂ ಇವೆ. ಅದರಲ್ಲಿ ನೀರಿದೆ, ಕೈ ಒಣಗದಿರಲಿ ಅಂತ ಹಾಕಿದ ಗ್ಲಿಸರಿನ್ ಇದೆ. ಗಂಗಾವತಿಯಲ್ಲಿರುವ ನಮ್ಮ ಅಕ್ಕನ ಮಗ ಇದರಲ್ಲಿ ಎರಡು ಸ್ಲೈಡ್ ಒರೆಸಿ ನೋಡಿದ. ಅಂಟಂಟು ಪದರ ಉಳಿದು, ಒಂದು ದಿನದಲ್ಲಿ ಮೊದಲಿಗಿಂತ ಜಾಸ್ತಿ ಧೂಳು ಹಿಡಿಯಿತು.

ಕಿಟಕಿ ಗಾಜು ಒರೆಸುವ ನೀಲಿ ದ್ರವವೂ ಬೇಡ. ಅದು ಹೆಚ್ಚೂಕಡಿಮೆ ನೀರೇ. ನೇಲ್ ಪಾಲಿಷ್ ತೆಗೆಯುವ ದ್ರವವನ್ನಂತೂ ಆ ಮೇಜಿನ ಹತ್ತಿರವೂ ತರಬೇಡಿ. ಅದರಲ್ಲಿ ಅಸಿಟೋನ್ ಇದ್ದರೆ ಫಿಲ್ಮಿನ ಅಸಿಟೇಟ್ ಪ್ಲಾಸ್ಟಿಕ್ ಮೈಯೇ ಕರಗುತ್ತದೆ. ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಬೇರೆ ಪದಾರ್ಥ ಬೆರೆಸಿರಬಹುದು, ಒಣಗಿದ ಮೇಲೆ ಪದರ ಉಳಿಯಬಹುದು.

ಇನ್ನು ಉಳಿದದ್ದು ಎರಡು. ಒಂದು ಐಸೊಪ್ರೊಪೈಲ್ ಆಲ್ಕೋಹಾಲ್, ಎಲ್ಲರೂ ಐಪಿಎ ಅನ್ನುವುದು ಇದನ್ನೇ. ಇನ್ನೊಂದು ಫಿಲ್ಮಿಗೆ ಅಂತಲೇ ಮಾಡಿದ, ನೀರಿಲ್ಲದ ಕ್ಲೀನರ್. ಅದರಲ್ಲಿ ಪೆಕ್-12 ಹೆಸರುವಾಸಿ.

ಐಪಿಎ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ. ಮೊಬೈಲ್ ರಿಪೇರಿ ಮಾಡುವವರು ಬೋರ್ಡ್ ತೊಳೆಯಲು ಅದನ್ನೇ ಬಳಸುತ್ತಾರೆ. ನಾನು ಕೇಳಿದಾಗ ಅಂಗಡಿಯ ಹುಡುಗ, "ಅಕ್ಕಾ, ಮೊಬೈಲ್ ನೀರಿಗೆ ಬಿತ್ತೇನು?" ಅಂದ. ಫೋಟೋ ಸ್ಲೈಡಿಗೆ ಅಂದಾಗ ಎಲ್ಲಿ ಸಿಗುತ್ತೆ ಅಂತ ಅವನೇ ಹೇಳಿಕೊಟ್ಟ. ಬಾಟಲಿಯ ಮೇಲೆ 99 ಪರ್ಸೆಂಟ್ ಅಂತ ಇರಲೇಬೇಕು. 70 ಪರ್ಸೆಂಟಿನದರಲ್ಲಿ ಉಳಿದ 30 ಭಾಗ ಹೆಚ್ಚಾಗಿ ನೀರು. ಅವನ ಅಂಗಡಿಯಲ್ಲಿ ಬಿಚ್ಚಿಟ್ಟ ಬಾಟಲಿಯದನ್ನು ತರಬೇಡಿ, ಸೀಲ್ ಇರುವ ಸಣ್ಣ ಬಾಟಲಿ ತನ್ನಿ. ಬಿಚ್ಚಿಟ್ಟರೆ ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ.

ಪೆಕ್-12 ತರಿಸಿಕೊಳ್ಳಬೇಕು, ಬೆಲೆಯೂ ಜಾಸ್ತಿ. ಆದರೆ ಟೇಪಿನ ಗೋಂದು, ಇಂಕಿನ ಕಲೆ, ಎಷ್ಟೋ ವರ್ಷದ ಹಳೆ ಜಿಡ್ಡು ತೆಗೆಯುವುದರಲ್ಲಿ ಐಪಿಎಗಿಂತ ಗಟ್ಟಿಗ. ನನ್ನ ಲೆಕ್ಕ ಹೀಗೆ: ನಿಮ್ಮ ರಾಶಿಯಲ್ಲಿ ಬರೀ ಬೆರಳಚ್ಚು ಇದ್ದರೆ ಐಪಿಎ ಸಾಕು. ಗೋಂದು, ಇಂಕು ಇರುವ ಸ್ಲೈಡ್ ಹತ್ತಿಪ್ಪತ್ತು ಇದ್ದು, ಅವು ನಿಮಗೆ ಬೇಕೇ ಬೇಕು ಅನ್ನುವಂಥವಾದರೆ ಪೆಕ್-12 ತರಿಸಿ. ನಾನು ಐಪಿಎಯಲ್ಲೇ ಮುಗಿಸಿದೆ. ಗೋಂದು ಹಿಡಿದ ಮೂರು ಸ್ಲೈಡ್ ಹಾಗೇ ಎತ್ತಿಟ್ಟಿದ್ದೇನೆ.

ಯಾವುದನ್ನು ಆರಿಸಿದರೂ ಮೊದಲು ಬೇಡವಾದ ಸ್ಲೈಡಿನ ಮೇಲೆ ನೋಡಿ. ಪ್ರತಿ ರಾಶಿಯಲ್ಲೂ ಪೂರ್ತಿ ಕಪ್ಪಾಗಿದ್ದೋ, ಅಲುಗಾಡಿ ಹಾಳಾದದ್ದೋ ಒಂದೆರಡು ಇರುತ್ತವೆ. ಅದೇ ಕಂಪನಿಯ, ಅದೇ ಕಾಲದ ಫಿಲ್ಮು ಆಗಿರಬೇಕು. ಹತ್ತಿಕಡ್ಡಿಯನ್ನು ದ್ರವಕ್ಕೆ ತಾಗಿಸಿ, ಹೆಚ್ಚಿನದನ್ನು ಬಾಟಲಿಯ ಅಂಚಿಗೆ ಒತ್ತಿ ತೆಗೆಯಿರಿ. ಹನಿ ಬೀಳಬಾರದು. ಮೊದಲು ಹೊಳಪಿನ ಕಡೆ. ಉಜ್ಜಬೇಡಿ, ಕಡ್ಡಿಯನ್ನು ಬೆರಳಲ್ಲಿ ತಿರುಗಿಸುತ್ತಾ ಉರುಳಿಸಿಕೊಂಡು ಹೋಗಿ. ಒಂದು ಕಡೆಗೆ ಒಂದು ಕಡ್ಡಿ, ಅದನ್ನು ಮತ್ತೆ ಬಾಟಲಿಗೆ ಅದ್ದಬಾರದು. ಕೆಲವೇ ಕ್ಷಣದಲ್ಲಿ ಒಣಗುತ್ತದೆ. ಹತ್ತಿಗೆ ಬಣ್ಣ ಹತ್ತಿದರೆ, ಇಲ್ಲವೇ ಫಿಲ್ಮು ಮಂಕಾದರೆ ಅಲ್ಲಿಗೇ ನಿಲ್ಲಿಸಿ. ಹಳೆಯ ಕೆಲವು ಸ್ಲೈಡ್‌ಗಳಿಗೆ ಮೇಲೊಂದು ಲ್ಯಾಕರ್, ಅಂದರೆ ವಾರ್ನಿಷ್ ಥರದ ಲೇಪ ಇರುತ್ತದೆ, ಆಲ್ಕೋಹಾಲ್ ಅದನ್ನು ಕೆಡಿಸಬಹುದು.

ಐಪಿಎ ಬೇಗ ಬೆಂಕಿ ಹಿಡಿಯುವ ವಸ್ತು. ಅಡುಗೆಮನೆಯಲ್ಲಿ ಬೇಡ, ದೇವರ ದೀಪ, ಊದುಬತ್ತಿ ಹತ್ತಿರ ಬೇಡ. ಈಗ ಕಿಟಕಿ ತೆರೆದುಕೊಳ್ಳಿ. ಧೂಳು ಊದುವಾಗ ಮುಚ್ಚಿದ್ದು ಸರಿ, ದ್ರವ ಬಳಸುವಾಗ ಗಾಳಿ ಆಡಬೇಕು.

ಬೂಷ್ಟು ಹಿಡಿದಿದ್ದರೆ

ಇಷ್ಟು ಒಣ ಊರಿನಲ್ಲಿ ಬೂಷ್ಟು ಎಲ್ಲಿಂದ ಬಂತು ಅಂತ ನನಗೂ ಅನಿಸಿತ್ತು. ಟ್ರಂಕು ಅಟ್ಟಕ್ಕೆ ಹೋಗುವ ಮೊದಲು ಎಷ್ಟೋ ವರ್ಷ ನಡುಮನೆಯಲ್ಲಿ ಕೂಲರ್ ಪಕ್ಕದಲ್ಲೇ ಇತ್ತು. ಬಳ್ಳಾರಿ, ರಾಯಚೂರಿನ ಬೇಸಿಗೆಯಲ್ಲಿ ಕೂಲರ್ ಇಲ್ಲದೆ ಆಗುವುದಿಲ್ಲ, ಅದು ತಂಪಿನ ಜೊತೆ ತೇವವನ್ನೂ ತುಂಬುತ್ತದೆ. ಗಾಳಿಯಲ್ಲಿ ತೇವ 60, 65 ಪರ್ಸೆಂಟ್ ದಾಟಿ ಹಾಗೇ ನಿಂತರೆ ಬೂಷ್ಟಿಗೆ ಹಬ್ಬ. ಅದಕ್ಕೆ ಜಿಲೆಟಿನ್ನೇ ಊಟ.

ಬೂಷ್ಟು ಅಂದ ಕೂಡಲೇ ನಮ್ಮ ಕಡೆ ಮಾಡುವುದು ಬಿಸಿಲಿಗೆ ಹಾಕುವುದು. ಹಪ್ಪಳ, ಹಾಸಿಗೆಗೆ ಸರಿ. ಸ್ಲೈಡಿಗೆ ಬೇಡ. ಬಿಸಿಲಿಗೆ ಬಣ್ಣ ಹಾರುತ್ತದೆ, ಶಾಖಕ್ಕೆ ಫಿಲ್ಮು ಬಾಗುತ್ತದೆ. ನೀರಂತೂ ಇಲ್ಲಿ ಇನ್ನೂ ಕೆಟ್ಟದ್ದು. ಬೂಷ್ಟು ತಿಂದ ಜಿಲೆಟಿನ್ ನೀರಿನಲ್ಲಿ ಕರಗುತ್ತದೆ, ಚಿತ್ರವೇ ಜಾರಿಹೋಗಬಹುದು.

ಮೊದಲು ಆ ಸ್ಲೈಡ್‌ಗಳನ್ನು ಬೇರೆ ಮಾಡಿ. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಒಂದು ವಾರ ಇಡಿ. ಒಣಗಿದರೆ ಬೂಷ್ಟು ಬೆಳೆಯುವುದು ನಿಲ್ಲುತ್ತದೆ. ಆಮೇಲೆ, ಮುಟ್ಟುವ ಮೊದಲೇ, ಸ್ಕ್ಯಾನ್ ಮಾಡಿಸಿ ಅಥವಾ ಕ್ಯಾಮೆರಾದಲ್ಲಿ ನಕಲು ತೆಗೆಯಿರಿ. ಏನಾದರೂ ಕೆಟ್ಟರೆ ಅಷ್ಟಾದರೂ ಉಳಿಯುತ್ತದೆ. ನಂತರ ಮಾಸ್ಕ್ ಹಾಕಿಕೊಂಡು, ಬೇರೆ ಬ್ರಷ್ಷಿನಿಂದ ಒಣ ಪುಡಿ ಉದುರಿಸಿ, ಹೊಳಪಿನ ಕಡೆ ಮಾತ್ರ ಐಪಿಎ. ಎಮಲ್ಷನ್ ಕಡೆ ಎಳೆ ಒಳಗೇ ಇಳಿದಿದ್ದರೆ ಬಿಟ್ಟುಬಿಡಿ. ತಿಂದುಹೋದ ಜಿಲೆಟಿನ್ ಒರೆಸಿದರೆ ವಾಪಸ್ ಬರುವುದಿಲ್ಲ.

ಒರೆಸದೆ, ಕಂಪ್ಯೂಟರಿನಲ್ಲಿ ತೆಗೆದರೆ?

ಇದೂ ಒಳ್ಳೆಯ ದಾರಿ. ಕೆಲವು ಸ್ಕ್ಯಾನರ್‌ಗಳಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಿಂದ ಧೂಳು ಗುರುತಿಸುವ ಸೌಲಭ್ಯ ಇದೆ. ಡಿಜಿಟಲ್ ಐಸ್ ಅಂತ ಅದರ ಹೆಸರು. ಇನ್‌ಫ್ರಾರೆಡ್ ಫಿಲ್ಮಿನ ಬಣ್ಣಗಳ ಮೂಲಕ ಸಲೀಸಾಗಿ ಹಾದುಹೋಗುತ್ತದೆ, ಧೂಳು, ಗೀರು ಇರುವ ಕಡೆ ಮಾತ್ರ ಅದಕ್ಕೆ ತಡೆಯಾಗುತ್ತದೆ. ಎಲ್ಲಿ ತಡೆಯಾಯಿತೋ ಅಲ್ಲಿ ಕಂಪ್ಯೂಟರ್ ಸುತ್ತಲಿನ ಬಣ್ಣ ತುಂಬುತ್ತದೆ. ಎಪ್ಸನ್ ವಿ600 ಥರದ ಫ್ಲಾಟ್‌ಬೆಡ್ ಸ್ಕ್ಯಾನರ್‌ನಲ್ಲಿ ಈ ಸೌಲಭ್ಯ ಇದೆ, ಒಂದು ಸಲಕ್ಕೆ ನಾಲ್ಕು ಸ್ಲೈಡ್ ಹಿಡಿಯುತ್ತದೆ. ಅಜ್ಜಿಯ ಕೆನ್ನೆಯ ಗೀರನ್ನು ಸ್ಕ್ಯಾನಿನಲ್ಲಾದರೂ ಮಾಯ ಮಾಡಿದ್ದು ಇದೇ.

ಕೊಡಾಕ್ ಕಂಪನಿಯ ಕೊಡಾಕ್ರೋಮ್ ಸ್ಲೈಡ್‌ಗಳಿಗೆ ಮಾತ್ರ ಇದು ಸರಿಹೋಗುವುದಿಲ್ಲ. 1930ರ ದಶಕದಲ್ಲಿ ಬಂದು 2009ರಲ್ಲಿ ನಿಂತ ಈ ಫಿಲ್ಮು ಇನ್‌ಫ್ರಾರೆಡ್‌ಗೂ ಅಡ್ಡ ಬರುತ್ತದೆ, ಹಾಗಾಗಿ ಸ್ಕ್ಯಾನರ್ ಚಿತ್ರದ ಸಣ್ಣ ವಿವರವನ್ನೇ ಧೂಳು ಅಂದುಕೊಂಡು ಅಳಿಸುತ್ತದೆ. ಚೌಕಟ್ಟಿನ ಮೇಲೆ ಕೊಡಾಕ್ರೋಮ್ ಅಂತ ಅಚ್ಚಾಗಿರುತ್ತದೆ. ಅಚ್ಚು ಇಲ್ಲದಿದ್ದರೆ ಎಮಲ್ಷನ್ ಕಡೆ ಓರೆಯಾಗಿ ಬೆಳಕು ಬಿಟ್ಟು ನೋಡಿ, ಚಿತ್ರದ ಅಂಚುಗಳು ಉಬ್ಬುಚಿತ್ರದಂತೆ ಕಾಣುತ್ತವೆ. ಕಪ್ಪು ಬಿಳುಪು ಬೆಳ್ಳಿಯ ಫಿಲ್ಮಿಗೂ ಇದೇ ತೊಂದರೆ. ಅಂಥವನ್ನು ಕೈಯಲ್ಲೇ ಚೆನ್ನಾಗಿ ಊದಿ, ಬ್ರಷ್ ಮಾಡಿ, ಡಿಜಿಟಲ್ ಐಸ್ ಆಫ್ ಮಾಡಿ ಸ್ಕ್ಯಾನ್ ಮಾಡಬೇಕು. ಮೊಬೈಲಿನಲ್ಲೋ ಕ್ಯಾಮೆರಾದಲ್ಲೋ ನಕಲು ತೆಗೆಯುವವರಿಗೆ ಇನ್‌ಫ್ರಾರೆಡ್ ಇರುವುದಿಲ್ಲ, ಅವರಿಗೂ ಅಷ್ಟೇ.

ಆಮೇಲೆ ಎಲ್ಲಿ ಇಡಬೇಕು

ಟ್ರಂಕಿನಲ್ಲಿ ನುಸಿಗುಳಿಗೆ ಹಾಕುವ ಅಭ್ಯಾಸ ಬಿಡಿ, ಕರ್ಪೂರವೂ ಬೇಡ. ಅವು ಆವಿಯಾಗಿ ಮತ್ತೆ ಫಿಲ್ಮಿನ ಮೇಲೇ ಕೂರುತ್ತವೆ. ಸ್ಲೈಡ್ ತೂರಿಸಿಡಲು ವಾಸನೆ ಬರುವ, ಬಗ್ಗುವ ಪಿವಿಸಿ ಪ್ಲಾಸ್ಟಿಕ್ ಹಾಳೆಗಳ ಬದಲು ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನ ಹಾಳೆ ತರಿಸಿ. ಅಟ್ಟ ಬೇಸಿಗೆಯಲ್ಲಿ ಕಾದ ಹೆಂಚು, ಅಲ್ಲಿಗೆ ಮತ್ತೆ ಹತ್ತಿಸಬೇಡಿ. ನನ್ನವು ಈಗ ಕೂಲರ್ ಇಲ್ಲದ ಕೋಣೆಯ ಬೀರುವಿನ ನಡು ಖಾನೆಯಲ್ಲಿವೆ, ಪ್ಲಾಸ್ಟಿಕ್ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ. ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಇಡುತ್ತೇನೆ. 19ನೇ ಗೇಟಿನ ಸ್ಲೈಡನ್ನು ಬೇರೆ ಕವರಿನಲ್ಲಿ ಹಾಕಿದ್ದೇನೆ. ಅದರ ರಟ್ಟಿನ ಮೇಲೆ ದೊಡ್ಡಪ್ಪ ಬರೆದದ್ದು ಪೆನ್ಸಿಲಿನಲ್ಲೇ ಇದೆ, ಅದನ್ನು ಒರೆಸಿಲ್ಲ.